ಗಡಿಯಾರದವರ ತಿರುವು

ಹೆಂಡತಿ ಹಾಕಿದ ಷರತ್ತು ಒಂದೇ ಒಂದು. ಅದನ್ನು ಆಕೆ ಕೂಗಾಡಿ ಹೇಳಲಿಲ್ಲ, ಕಣ್ಣೀರು ಹಾಕಿಯೂ ಹೇಳಲಿಲ್ಲ. ಒಣಗಿದ ಬಟ್ಟೆ ಮಡಿಸುತ್ತಾ, ತಲೆ ಕೂಡ ಎತ್ತದೆ ಹೇಳಿದಳು.

"ಓಡಿಸಿ, ಬೇಡ ಅನ್ನಲ್ಲ. ಆದ್ರೆ ಒಂದೇ ಒಂದು ಸಲ ಬಿದ್ರೂ ಮಾರನೇ ದಿನ ಆ ಸೈಕಲ್ ಈ ಮನೇಲಿರಲ್ಲ. ಮಾರಿಬಿಡ್ತೀನಿ."

ಗಡಿಯಾರಣ್ಣ ಒಪ್ಪಿಕೊಂಡ. ಒಪ್ಪದೆ ಮಾಡುವುದೇನು? ಆಕೆ ದೊಡ್ಡಾಸ್ಪತ್ರೆಯ ಮೂಳೆ ವಿಭಾಗದಲ್ಲಿ ನರ್ಸು. ಪ್ಲಾಸ್ಟರ್ ಹಾಕುವ ಕೋಣೆಯಲ್ಲಿ ವರ್ಷಗಟ್ಟಲೆ ನಿಂತು ನಿಂತು ಆಕೆಯ ಕಣ್ಣಿಗೆ ಮನುಷ್ಯರಲ್ಲಿ ಎರಡೇ ಬಗೆ ಉಳಿದಿದ್ದವು: ಬಿದ್ದವರು ಮತ್ತು ಇನ್ನೇನು ಬೀಳಲಿರುವವರು. ಗಂಡನನ್ನು ಮದುವೆಯಾದ ಹೊಸತರಲ್ಲೇ ಎರಡನೆಯ ಬಗೆಗೆ ಸೇರಿಸಿಬಿಟ್ಟಿದ್ದಳು. ಅದರಲ್ಲಿ ಆಕೆಯ ತಪ್ಪೇನೂ ಇರಲಿಲ್ಲ. ಬಲ್ಬು ಬದಲಿಸಲು ಸ್ಟೂಲು ಹತ್ತಿದರೆ ಇಳಿಯುವಾಗ ಯಾರಾದರೂ ಕೈ ಹಿಡಿಯಬೇಕು ಎನ್ನುವ ಗಂಡಸು ಆತ.

ಇಂಥವನ ಕೈಗೆ ಗುಡ್ಡ ಹತ್ತಿಳಿಯುವ ದಪ್ಪ ಚಕ್ರದ ಸೈಕಲ್ಲು ಹೇಗೆ ಬಂತು ಎನ್ನುವುದನ್ನು ಹೇಳಿಬಿಡಬೇಕು. ಗಡಿಯಾರಣ್ಣ ಬಸ್ ನಿಲ್ದಾಣದಲ್ಲಿ, ಪ್ರಯಾಣಿಕರು ಮರೆತು ಹೋದ ಸಾಮಾನು ಕಾಯುವ ಕೋಣೆಯ ಗುಮಾಸ್ತ. ಕೋಣೆಗೆ ಕಿಟಕಿಯಿಲ್ಲ. ಒಂದು ಗೋಡೆಗೆ ಕೊಡೆಗಳು, ಇನ್ನೊಂದಕ್ಕೆ ಚೀಲಗಳು, ಮಧ್ಯದಲ್ಲಿ ಮೇಜು, ಮೇಜಿನ ಮೇಲೆ ಯಾರೋ ಮಹಾನುಭಾವರು ಬಿಟ್ಟುಹೋದ ಹಲ್ಲಿನ ಸೆಟ್ಟು. ಒಮ್ಮೆ ಬಸ್ಸಿನ ಮೇಲ್ಗಡೆ ಕಟ್ಟಿದ್ದ ಸೈಕಲ್ಲೊಂದು ಅನಾಥವಾಗಿ ಬಂದು ಸೇರಿತು. ಕೇಳಿಕೊಂಡು ಯಾರೂ ಬರಲಿಲ್ಲ. ದಿನಾ ಧೂಳು ಒರೆಸಿ ಒರೆಸಿ ಗಡಿಯಾರಣ್ಣನಿಗೆ ಅದರ ಮೇಲೆ ಮಮತೆ ಹುಟ್ಟಿತು. ಹರಾಜಿನ ದಿನ ಅದು ಬೇರೆಯವರ ಪಾಲಾಗುವುದನ್ನು ನೋಡಲಾರದೆ ತಾನೇ ಕೊಂಡುಕೊಂಡ. ಇಷ್ಟು ವರ್ಷದಲ್ಲಿ ಅವನು ತನಗೆ ಅಂತ ಕೊಂಡ ಮೊದಲ ವಸ್ತು ಅದು.

ಇನ್ನು ಅವನ ಹೆಸರಿನ ವಿಷಯ. ಅವನ ತಾತನ ಅಣ್ಣ, ಮನೆಯವರೆಲ್ಲ ದೊಡ್ಡಜ್ಜ ಎನ್ನುತ್ತಿದ್ದವರು, ಗಡಿಯಾರ ರಿಪೇರಿ ಮಾಡುತ್ತಿದ್ದರು. ಬಿಚ್ಚುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಅವರ ಕೈಯಿಂದ ವಾಪಸ್ಸು ಬಂದ ಗಡಿಯಾರ ಸರಿಯಾದ ಹೊತ್ತು ತೋರಿಸಿದ್ದನ್ನು ಮಾತ್ರ ಕಂಡವರಿಲ್ಲ. ಆದರೂ ಇಡೀ ವಂಶಕ್ಕೆ "ಗಡಿಯಾರದವರು" ಎಂಬ ಹೆಸರು ಅಂಟಿಕೊಂಡಿತು. ಊರಲ್ಲಿ ಗಡಿಯಾರದವರು ಅಂದರೆ ಇವರೇ, ಇನ್ನೊಬ್ಬರಿಲ್ಲ.

ಊರ ಹಿಂದಿನ ಕಾಡಿನಲ್ಲಿ ಹಳೆಯ ಹಾದಿಗಳು ಬಲೆಯಂತೆ ಹರಡಿದ್ದವು. ಒಂದು ಕಾಲಕ್ಕೆ ಅಲ್ಲಿ ಇದ್ದಿಲು ಸುಡುತ್ತಿದ್ದರು, ಆಚೆ ಬದಿಯ ಕ್ವಾರಿಯಲ್ಲಿ ಕಲ್ಲು ಒಡೆಯುತ್ತಿದ್ದರು, ಹೇಸರಗತ್ತೆಗಳ ಮೇಲೆ ಹೇರಿ ಕೆಳಗಿಳಿಸುತ್ತಿದ್ದರು. ಇದ್ದಿಲಿನವರು ಹೋದರು, ಕ್ವಾರಿ ಮುಚ್ಚಿತು, ಹಾದಿಗಳು ಉಳಿದವು. ಈಗ ರಜೆಯ ದಿನ ಬೆಳಿಗ್ಗೆ ಸೈಕಲ್ ತಂಡವೊಂದು ಅಲ್ಲಿ ಬಿದ್ದೆದ್ದು ಓಡಾಡುತ್ತಿತ್ತು. ತಂಡದ ಮುಂದಾಳು ಹಲ್ಲಿನ ಡಾಕ್ಟರಮ್ಮ. ಅರಣ್ಯ ಇಲಾಖೆ ಸೈಕಲ್ಲಿಗೆ ಅನುಮತಿ ಕೊಟ್ಟಿದ್ದು ಒಂದೇ ಕರಾರಿನ ಮೇಲೆ: ಹಾದಿಗಳ ಇತಿಹಾಸ ಕಾಪಾಡಬೇಕು, ಇತಿಹಾಸಕ್ಕೆ ಸಂಬಂಧಪಡದ ಒಂದೇ ಒಂದು ಬೋರ್ಡೂ ಕಾಡಿನೊಳಗೆ ಇರಕೂಡದು. ಇತಿಹಾಸದ ಬೋರ್ಡುಗಳನ್ನೆಲ್ಲ ಬರೆದುಕೊಟ್ಟವರು ಗಡಿಯಾರಣ್ಣನ ಎದುರುಮನೆಯ ಮೇಷ್ಟ್ರು. "ಇಲ್ಲಿ ಇದ್ದಿಲು ಸುಡುತ್ತಿದ್ದರು." "ಇಲ್ಲಿ ಹೇಸರಗತ್ತೆಗಳು ನೀರು ಕುಡಿಯುತ್ತಿದ್ದವು." ಕಂದು ಬಣ್ಣ, ಬಿಳಿ ಅಕ್ಷರ, ಗಂಭೀರ ಭಾಷೆ.

ತಂಡಕ್ಕೆ ತನ್ನದೇ ಆದ ಒಂದು ಪದ್ಧತಿಯೂ ಇತ್ತು. ಯಾವ ಜಾಗದಲ್ಲಿ ಯಾರು ಮೊದಲು ಬೀಳುತ್ತಾರೋ ಆ ಜಾಗಕ್ಕೆ ಅವರ ಹೆಸರು. ಹೀಗಾಗಿ ಕಾಡಿನಲ್ಲಿ ಬೇಕರಿಯವನ ಬೇರು ಇತ್ತು, ಅವನ ಕಿರಿಯಳಿಯನ ಹಳ್ಳ ಇತ್ತು, ಸಾಕ್ಷಾತ್ ಡಾಕ್ಟರಮ್ಮನ ಬಂಡೆಯೂ ಇತ್ತು. ಎಲ್ಲವೂ ಬಾಯಿಮಾತಿನ ಹೆಸರು.

ಗಡಿಯಾರಣ್ಣ ಸೇರಿ ಒಂದೆರಡು ತಿಂಗಳಾಗಿತ್ತು. ಇಳಿಜಾರು ಬಂದಲ್ಲೆಲ್ಲ ಇಳಿದು, ಸೈಕಲ್ಲನ್ನು ಕೈಯಲ್ಲಿ ಹಿಡಿದು ನಡೆಸುತ್ತಿದ್ದ; ಆದ್ದರಿಂದ ಬೀಳುವ ಪ್ರಶ್ನೆಯೇ ಇರಲಿಲ್ಲ. ಆ ದಿನ ಕ್ವಾರಿ ಹಾದಿಯಲ್ಲಿ ಯಾಕೋ ಇಳಿಯಲಿಲ್ಲ. ಗಾಳಿ ಕಿವಿಗೆ ಹೊಡೆಯುತ್ತಿತ್ತು, ಮರಗಳು ಹಿಂದಕ್ಕೆ ಓಡುತ್ತಿದ್ದವು, ಜನ್ಮದಲ್ಲಿ ಮೊದಲ ಬಾರಿಗೆ ತಾನೂ ಲೆಕ್ಕಕ್ಕಿರುವ ಮನುಷ್ಯ ಅನ್ನಿಸಿತು. ಅಷ್ಟರಲ್ಲಿ ಎಡಕ್ಕೊಂದು ತಿರುವು ಬಂತು. ಹಾದಿ ತಿರುಗಿತು, ಸೈಕಲ್ಲು ತಿರುಗಿತು, ಗಡಿಯಾರಣ್ಣ ತಿರುಗಲಿಲ್ಲ.

ಕಣ್ಣು ಬಿಟ್ಟಾಗ ಡಾಕ್ಟರಮ್ಮ ಅವನ ಮುಖದ ಮೇಲೆ ಬಗ್ಗಿದ್ದರು.

"ಬಾಯಿ ತೆಗೀರಿ. ಆ ಅನ್ನಿ. ಎಲ್ಲಾ ಹಲ್ಲೂ ಇದೆ. ಅಭಿನಂದನೆ!"

"ಯಾಕೆ?" ಎಂದ ಗಡಿಯಾರಣ್ಣ, ಬಾಯಿ ತೆಗೆದುಕೊಂಡೇ.

"ಈ ತಿರುವಿನಲ್ಲಿ ಇವತ್ತಿನವರೆಗೆ ಯಾರೂ ಬಿದ್ದಿರಲಿಲ್ಲ ಕಣ್ರೀ! ಇದು ಇನ್ಮೇಲೆ ನಿಮ್ದೇ."

ತಂಡದವರೆಲ್ಲ ಚಪ್ಪಾಳೆ ತಟ್ಟಿದರು. ಗಡಿಯಾರಣ್ಣನಿಗೆ ಸೊಂಟ ಉರಿಯುತ್ತಿತ್ತು, ಆದರೂ ಖುಷಿಯಾಯಿತು. ಅವನಿಗಾಗಿ ಯಾರೂ ಯಾವತ್ತೂ ಚಪ್ಪಾಳೆ ತಟ್ಟಿರಲಿಲ್ಲ. ಆ ಖುಷಿಯಲ್ಲಿ ಡಾಕ್ಟರಮ್ಮ ಹೇಳಿದ ಮುಂದಿನ ಮಾತು ಅವನ ತಲೆಗೆ ಹೋಗಲಿಲ್ಲ. ಬಡಗಿಯ ಹತ್ತಿರ ಇತಿಹಾಸಕ್ಕೆಂದು ಮಾಡಿಸಿದ ಖಾಲಿ ಬೋರ್ಡೊಂದು ಉಳಿದಿದೆ, ಪಾಪ ಹೊಸಬರು, ಇವರಿಗೆ ಅದರ ಮೇಲೆ ಹೆಸರು ಬರೆಸಿ ಮರ್ಯಾದೆ ಮಾಡೋಣ ಎಂದು ಆಕೆ ಹೇಳಿದ್ದರು.

ಮನೆಯಲ್ಲಿ ಹೆಂಡತಿ ಗಾಯ ನೋಡಿದಳು. ಇಂಥ ಗಾಯಗಳನ್ನು ನೋಡುವುದೇ ಆಕೆಯ ಉದ್ಯೋಗ.

"ಏನಿದು?"

"ಆಫೀಸಲ್ಲಿ ಮೇಲಿಂದ ಟ್ರಂಕು ಬಿತ್ತು."

"ಮೇಲಿಂದ ಬಿದ್ದಿದ್ದು ಸೊಂಟದ ಕೆಳಗೆ ಹೇಗೆ ಬಡೀತು?"

"ಬಗ್ಗಿದ್ದೆ."

"ಗಾಯದ ತುಂಬ ಜಲ್ಲಿ ಪುಡಿ ಇದೆಯಲ್ರೀ?"

"ಟ್ರಂಕಿನೊಳಗಿತ್ತು."

"ಟ್ರಂಕಿನಲ್ಲಿ ಜಲ್ಲಿ ತುಂಬ್ಕೊಂಡು ಬಸ್ ಹತ್ತೋರು ಯಾರ್ರೀ?"

"ಅಂಥವರೇ ತಾನೆ ಮರೆತು ಹೋಗೋದು," ಎಂದ ಗಡಿಯಾರಣ್ಣ.

ಹೆಂಡತಿ ಹತ್ತಿಯಲ್ಲಿ ಔಷಧ ಅದ್ದಿ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಒತ್ತಿ ಒರೆಸಿದಳು. ಮಾತು ಅಲ್ಲಿಗೆ ನಿಂತಿತು.

ನಿಂತಿದ್ದು ಮೂರು ನಾಲ್ಕು ದಿನವಷ್ಟೆ. ಒಂದು ಸಂಜೆ ಎದುರುಮನೆಯ ಮೇಷ್ಟ್ರು ಚಪ್ಪಲಿ ಕೂಡ ಬಿಡದೆ ಒಳಗೆ ನುಗ್ಗಿದರು. ಕೋಪವೋ ದುಃಖವೋ ಗೊತ್ತಾಗದ ಮುಖ.

"ಇಷ್ಟು ವರ್ಷ ಎದುರುಬದುರು ಇದ್ದೀವಿ. ನನ್ನ ಹತ್ತಿರ ಒಂದು ಮಾತು ಹೇಳಬಾರದಿತ್ತಾ?"

ಗಡಿಯಾರಣ್ಣ ಕೂತಲ್ಲಿಂದ ಎದ್ದ. "ಏನು ಮೇಷ್ಟ್ರೇ?"

"ಕ್ವಾರಿ ಹಾದೀಲಿ ಬೋರ್ಡು! 'ಗಡಿಯಾರದವರ ತಿರುವು'! ನಾನು ಬರೆದಿಲ್ಲ, ನನಗೆ ಗೊತ್ತಿಲ್ಲ. ಈ ಕಾಡಿನಲ್ಲಿ ನನಗೆ ಗೊತ್ತಿಲ್ಲದ ಇತಿಹಾಸ ಇದೆ ಅಂದ್ರೆ ನಾನು ಬದುಕಿದ್ದು ಏನು ಬಂತು?"

ಬೋರ್ಡು ಹಾಕಿಸಿದ ಡಾಕ್ಟರಮ್ಮನನ್ನೇ ಕೇಳಬಹುದಿತ್ತು. ಆದರೆ ಯಾವುದೋ ದವಡೆ ಹಲ್ಲಿನ ವಿಷಯವಾಗಿ ಮೇಷ್ಟ್ರಿಗೂ ಆಕೆಗೂ ಮಾತು ಬಿಟ್ಟು ಬಹಳ ಕಾಲವಾಗಿತ್ತು. ಅಡುಗೆಮನೆಯಿಂದ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದಳು.

"ನಮ್ಮನೆ ಹೆಸರು ಕಾಡಲ್ಲಿ ಯಾಕ್ರೀ ಇದೆ?"

ಗಡಿಯಾರಣ್ಣ ಮೇಷ್ಟ್ರ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಹಜಾರದ ಮೂಲೆಯಲ್ಲಿ ಗೋಡೆಗೊರಗಿ ನಿಂತಿದ್ದ ಸೈಕಲ್ಲಿನ ಮುಖವನ್ನೂ ನೋಡಿದ. ನಿಜ ಹೇಳಿದರೆ ನಾಳೆ ಆ ಮೂಲೆ ಖಾಲಿ.

"ಅದು... ದೊಡ್ಡಜ್ಜ," ಎಂದ.

"ದೊಡ್ಡಜ್ಜ ಕಾಡಲ್ಲೇನು ಮಾಡ್ತಿದ್ರು?" ಎಂದಳು ಹೆಂಡತಿ.

ದೊಡ್ಡಜ್ಜ ಜಿಗಣೆಗೆ ಹೆದರಿ ಜನ್ಮದಲ್ಲಿ ಕಾಡಿಗೆ ಕಾಲಿಟ್ಟವರಲ್ಲ. ಆದರೆ ಗಡಿಯಾರದವರ ಹಿರಿಯರಲ್ಲಿ ಒಬ್ಬರನ್ನು ಕಾಡಿಗೆ ಕಳಿಸಲೇಬೇಕಾದ ಹೊತ್ತು ಬಂದಿತ್ತು.

"ಆಗ ಕ್ವಾರಿಯವರ ಹತ್ತಿರ ಗಡಿಯಾರ ಇರಲಿಲ್ಲ. ಇದ್ದಿಲಿನವರ ಹತ್ತಿರವೂ ಇರಲಿಲ್ಲ. ಆ ತಿರುವಿನಲ್ಲಿ ನಿಂತ್ರೆ ಎರಡೂ ಕಡೆಗೆ ಕೇಳಿಸುತ್ತೆ. ಅದಕ್ಕೆ ದೊಡ್ಡಜ್ಜ ಅಲ್ಲಿ ನಿಂತು... ಗಂಟೆ ಹೊಡೀತಿದ್ರು."

ಹೇಳಿ ಮುಗಿಸಿ ಗಡಿಯಾರಣ್ಣನೇ ಬೆರಗಾದ. ಇಷ್ಟು ಒಳ್ಳೆಯ ಸುಳ್ಳು ತನ್ನೊಳಗೆ ಇತ್ತೆಂದು ಅವನಿಗೆ ಗೊತ್ತಿರಲಿಲ್ಲ. ಮೇಷ್ಟ್ರು ಕುರ್ಚಿಯ ಮೇಲೆ ಕುಸಿದು ಕೂತರು. ಕಣ್ಣಲ್ಲಿ ನೀರು.

"ಕ್ವಾರಿಯವರಿಗೆ ಹೊತ್ತು ಹೇಗೆ ಗೊತ್ತಾಗ್ತಿತ್ತು ಅನ್ನೋದೊಂದೇ ನನಗೆ ಬಗೆಹರಿದಿರಲಿಲ್ಲ," ಎಂದರು. "ಅದೊಂದರಿಂದ ನನ್ನ ಪುಸ್ತಕ ನಿಂತುಹೋಗಿತ್ತು."

ಅವತ್ತು ರಾತ್ರಿ ಊಟಕ್ಕೆ ಬಡಿಸುವಾಗ ಹೆಂಡತಿ ಗಂಡನನ್ನು ಹೊಸದಾಗಿ ನೋಡುವವಳಂತೆ ನೋಡಿದಳು. "ನಿಮ್ಮ ವಂಶದಲ್ಲಿ ನೆಟ್ಟಗೆ ನಿಂತ್ಕೊಳ್ಳೋರು ಒಬ್ಬರಿದ್ರು ಅಂತಾಯ್ತು," ಎಂದಳು. ಮರುದಿನ ಪ್ಲಾಸ್ಟರ್ ಕೋಣೆಯಲ್ಲಿ ಕೈ ಮುರಿದವರಿಗೂ ಕಾಲು ಮುರಿದವರಿಗೂ ದೊಡ್ಡಜ್ಜನ ಗಂಟೆಯ ಕಥೆ ಹೇಳಿದಳು. ಅವರು ಎದ್ದು ಹೋಗುವ ಸ್ಥಿತಿಯಲ್ಲಿರಲಿಲ್ಲ, ಕೇಳಿದರು. ಆಸ್ಪತ್ರೆಗೆ ಗೊತ್ತಾದದ್ದು ಊರಿಗೆ ಗೊತ್ತಾಗಲು ಎಷ್ಟು ಹೊತ್ತು?

ಇತ್ತ ಗಡಿಯಾರಣ್ಣ ಡಾಕ್ಟರಮ್ಮನ ದವಾಖಾನೆಗೆ ಓಡಿದ. ಆಕೆ ಯಾರದೋ ಬಾಯಿಯೊಳಗೆ ಕೈ ಇಟ್ಟಿದ್ದರು.

"ದಯವಿಟ್ಟು ಆ ಬೋರ್ಡು ತೆಗೆಸಿಬಿಡಿ ಡಾಕ್ಟ್ರೇ. ನಾನು ಬಿದ್ದಿದ್ದು ಮನೇಲಿ ಗೊತ್ತಾದ್ರೆ ಸೈಕಲ್ ಹೋಗುತ್ತೆ."

"ಮೊದಲೇ ಹೇಳಬಾರದಿತ್ತಾ? ಈಗ ತೆಗೆಯೋ ಹಾಗಿಲ್ಲ. ನಿನ್ನೆ ರೇಂಜರ್ ಸಾಹೇಬ್ರು ನೋಡ್ಕೊಂಡು ಹೋಗಿದಾರೆ. ಇತಿಹಾಸ ಏನು ಅಂತ ಕೇಳಿದ್ರು. ಸುಮ್ನೆ ಒಬ್ಬರು ಬಿದ್ರು, ಅದಕ್ಕೆ ಹಾಕಿದ್ವಿ ಅಂದ್ರೆ ಕಾಡಿಗೆ ಸೈಕಲ್ಲೇ ಬಿಡಲ್ಲ. ಗಡಿಯಾರದವರನ್ನೇ ಕೇಳಿ ಅಂತ ನಿಮ್ಮ ಕಡೆ ಕಳಿಸಿದೀನಿ."

"ನನ್ನ ಕಡೇನಾ?"

"ನೀವೇನೋ ಗಂಟೆ ಕಥೆ ಹೇಳಿದೀರಂತಲ್ಲ, ಚೆನ್ನಾಗಿದೆಯಂತೆ. ಅದನ್ನೇ ಹೇಳಿ. ಅಲ್ವೇನ್ರೀ?" ಎಂದು ಕುರ್ಚಿಯಲ್ಲಿದ್ದವರನ್ನು ಕೇಳಿದರು. ಕುರ್ಚಿಯಲ್ಲಿದ್ದವರು ಬಾಯಿ ತುಂಬ ಹತ್ತಿ ಇಟ್ಟುಕೊಂಡು ತಲೆಯಾಡಿಸಿದರು.

ಗಡಿಯಾರಣ್ಣ ತನ್ನ ಕೋಣೆಗೆ ಬರುವಷ್ಟರಲ್ಲಿ ರೇಂಜರ್ ಸಾಹೇಬರು ಕೊಡೆಗಳ ಗೋಡೆಯ ಮುಂದೆ ನಿಂತಿದ್ದರು. ದಪ್ಪ ಮೀಸೆ, ಸಣ್ಣ ದನಿ.

"ಇದರಲ್ಲಿ ನಂದೂ ಒಂದು ಇರಬೇಕು, ಅದಿರಲಿ," ಎಂದರು. "ಆ ಬೋರ್ಡಿನ ಇತಿಹಾಸ ಏನು?"

ಇಲ್ಲ ಸಾರ್, ಏನೂ ಇಲ್ಲ, ಕಿತ್ತುಹಾಕಿ ಎನ್ನಲು ಬಾಯಿ ತೆರೆದ ಗಡಿಯಾರಣ್ಣನಿಗೆ ಬೇಕರಿಯವನು ಕಣ್ಣಮುಂದೆ ಬಂದ, ತಂಡದವರೆಲ್ಲ ಬಂದರು, ಮುಚ್ಚಿದ ಕಾಡಿನ ಗೇಟು ಬಂತು. ಬಾಯಿ ಮುಚ್ಚಿ, ಮತ್ತೆ ತೆರೆದು, ದೊಡ್ಡಜ್ಜನ ಕಥೆ ಹೇಳಿದ. ಈ ಸಲ ಗಂಟೆಯ ಜೊತೆ ಒಂದು ಮಳೆಯನ್ನೂ ಸೇರಿಸಿದ. ಮಳೆ ಎಷ್ಟೇ ಸುರಿದರೂ ದೊಡ್ಡಜ್ಜ ಆ ತಿರುವು ಬಿಟ್ಟು ಕದಲಲಿಲ್ಲವೆಂದ.

"ಕೊಡೆ ಇರಲಿಲ್ವಾ?" ಎಂದರು ರೇಂಜರ್ ಸಾಹೇಬರು, ಗೋಡೆಯನ್ನೇ ನೋಡುತ್ತಾ.

"ಒಂದು ಕೈಯಲ್ಲಿ ಗಂಟೆ, ಇನ್ನೊಂದು ಕೈಯಲ್ಲಿ ಗಡಿಯಾರ. ಕೊಡೆ ಹೇಗೆ ಹಿಡೀತಾರೆ ಸಾರ್?"

ಸಾಹೇಬರಿಗೆ ಮನದಟ್ಟಾಯಿತು. ಇಂಥ ಮಹನೀಯರ ಸ್ಥಳಕ್ಕೆ ಬರೀ ಬೋರ್ಡು ಸಾಲದು, ವಿಧಿವತ್ತಾಗಿ ಒಂದು ಉದ್ಘಾಟನೆಯೂ ಆಗಬೇಕು, ಮೇಷ್ಟ್ರು ಆಗಲೇ ಬಂದು ಕೇಳಿಕೊಂಡು ಹೋಗಿದ್ದಾರೆ ಎಂದರು. ಹೋಗುವಾಗ ಒಂದು ಕೊಡೆ ತೆಗೆದುಕೊಂಡು ಹೋದರು. ಅದು ಅವರದಾಗಿರಲಿಲ್ಲ. ಗಡಿಯಾರಣ್ಣನಿಗೆ ಅದನ್ನು ಕೇಳುವ ನೈತಿಕ ಬಲ ಉಳಿದಿರಲಿಲ್ಲ.

ಉದ್ಘಾಟನೆ ಎಂದ ಮೇಲೆ ನೆಂಟರು ಬರದೆ ಇರುತ್ತಾರೆಯೆ? ಎಲ್ಲರಿಗಿಂತ ಮೊದಲು ಸೋದರತ್ತೆ ಬಂದಿಳಿದಳು. ಮನೆತನದಲ್ಲಿ ಬದುಕಿರುವವರಲ್ಲಿ ಹಿರಿಯಳು ಆಕೆಯೇ. ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡರು ಎಂಬುದರಿಂದ ಹಿಡಿದು ಎಲ್ಲವೂ ಆಕೆಯ ನಾಲಿಗೆಯ ತುದಿಯಲ್ಲಿ. ಅತ್ತೆಯ ಚೀಲ ಬಾಗಿಲಲ್ಲಿ ಕಂಡ ಕೂಡಲೆ ಗಡಿಯಾರಣ್ಣ ಎದ್ದ, ಕೂತ, ನೀರು ಕುಡಿದ, ಮತ್ತೆ ಎದ್ದ. ಆಕೆ ಒಂದು ಮಾತು ಹೇಳಿದರೆ ಸಾಕು, ಕಥೆ ಮುಗಿದಂತೆ.

ಮೇಷ್ಟ್ರು ಪೆನ್ನು ಹಿಡಿದು ಬಂದು ಕೂತರು. "ಅಮ್ಮಾ, ದೊಡ್ಡಜ್ಜ ಗಂಟೆ ಹೊಡೀತಿದ್ದದ್ದು ನಿಮಗೇನಾದ್ರೂ..."

ಅತ್ತೆ ಗಡಿಯಾರಣ್ಣನನ್ನು ಒಂದು ನಿಮಿಷ ನೋಡಿದಳು. ಹೆಂಡತಿಯನ್ನು ನೋಡಿದಳು. ಇಷ್ಟು ಜನ ತನ್ನ ಬಾಯಿಯನ್ನೇ ನೋಡುತ್ತಾ ಕೂತು ಎಷ್ಟು ವರ್ಷವಾಗಿತ್ತೋ.

"ನೆನಪಿಲ್ದೆ ಏನು?" ಎಂದಳು. "ಹಗ್ಗ ಎಳೆದೂ ಎಳೆದೂ ಅಂಗೈ ಗಂಟು ಕಟ್ಟಿತ್ತು. ಆ ಕೈಯಿಂದಲೇ ನನ್ನ ಕೆನ್ನೆ ಸವರ್ತಿದ್ರು. ಒರಟು ಒರಟು."

"ಅತ್ತೆ," ಎಂದ ಗಡಿಯಾರಣ್ಣ ತಡೆಯಲಾರದೆ, "ನೀವು ಹುಟ್ಟೋಕೆ ಮುಂಚೆನೇ ಅವರು ಹೋಗಿದ್ರಲ್ವಾ?"

"ಸುಮ್ನಿರೋ! ಆಗ ನೀನು ಹುಟ್ಟಿದ್ಯಾ?"

"ಇಲ್ಲ."

"ಮತ್ತೆ ನಿಂಗೇನೋ ಗೊತ್ತು?"

ಮೇಷ್ಟ್ರು "ಅಂಗೈ, ಒರಟು" ಎಂದು ಬರೆದುಕೊಂಡರು. ಅತ್ತೆ ನಿಲ್ಲಲಿಲ್ಲ. ಒಮ್ಮೆ ಕ್ವಾರಿಯಲ್ಲಿ ಸಿಡಿಮದ್ದಿಗೆ ಬೆಂಕಿ ಇಟ್ಟಿದ್ದರಂತೆ, ಕೆಳಗೆ ಆಳುಗಳು ಊಟಕ್ಕೆ ಕೂತಿದ್ದರಂತೆ, ದೊಡ್ಡಜ್ಜ ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಹೊಡೆದು, ಆ ಇಳಿಜಾರಿನಲ್ಲಿ ಬಾಣದ ಹಾಗೆ ಓಡಿಬಂದು ಎಲ್ಲರನ್ನೂ ಉಳಿಸಿದರಂತೆ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಡಿಯಾರಣ್ಣನಿಗೂ ಕಣ್ಣು ತೇವವಾಯಿತು. ದೊಡ್ಡಜ್ಜ ಅಷ್ಟು ಜನರನ್ನು ಉಳಿಸಿದರು, ಮೊಮ್ಮಗನೊಬ್ಬನನ್ನು ಉಳಿಸುವ ದಾರಿ ಮಾತ್ರ ತೋರಿಸಲಿಲ್ಲವಲ್ಲ ಎಂದು.

ಮೇಷ್ಟ್ರು ಪೆನ್ನು ಮುಚ್ಚಿ ಎದ್ದು ನಿಂತರು. "ಹಾಗಾದ್ರೆ ಉದ್ಘಾಟನೆ ದಿನ ದೊಡ್ಡಜ್ಜ ಓಡಿಬಂದ ಹಾದೀಲೇ ಮೊಮ್ಮಗ ಸೈಕಲ್ ಮೇಲೆ ಇಳಿದು ಬರಬೇಕು. ಎಲ್ಲರೂ ತಿರುವಿನಲ್ಲಿ ನಿಂತು ನೋಡೋಣ."

"ಮೇಷ್ಟ್ರೇ, ಅದು ಸ್ವಲ್ಪ ಕಡಿದು..." ಎಂದ ಗಡಿಯಾರಣ್ಣ.

"ಬರ್ತಾರೆ," ಎಂದಳು ಹೆಂಡತಿ ಹೆಮ್ಮೆಯಿಂದ. "ಇಷ್ಟು ದಿನ ಓಡಿಸ್ತಿದಾರೆ, ಒಂದು ಸಲವೂ ಬಿದ್ದಿಲ್ಲ."

ಅಲ್ಲಿಂದ ಮುಂದೆ ಗಡಿಯಾರಣ್ಣನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಕೊಡೆ ಕೇಳಿದವರಿಗೆ ಚೀಲ ಕೊಟ್ಟ. ಚೀಲ ಕೇಳಿದವರಿಗೆ ಹಲ್ಲಿನ ಸೆಟ್ಟು ಕೊಟ್ಟ. ಜ್ವರ ಬಂದಿದೆ ಎಂದು ಮಲಗಿ ನೋಡಿದ. ಹೆಂಡತಿ ಥರ್ಮಾಮೀಟರ್ ಇಟ್ಟು, "ಏಳಿ ಮೇಲೆ," ಎಂದಳು. ಕೊನೆಗೆ ಬೋರ್ಡೇ ಇಲ್ಲದಿದ್ದರೆ ಉದ್ಘಾಟನೆ ಯಾವುದಕ್ಕೆ ಎಂಬ ಬುದ್ಧಿವಂತಿಕೆ ಹೊಳೆದು, ಒಂದು ಮುಂಜಾನೆ ಜೇಬಿನಲ್ಲಿ ಸ್ಪ್ಯಾನರು ಹಾಕಿಕೊಂಡು ಕಾಡಿಗೆ ಹೋದ. ಮೊದಲ ನಟ್ಟು ಸಡಿಲಾಗಿತ್ತಷ್ಟೆ, ಪೊದೆಯ ಹಿಂದಿನಿಂದ ಮೇಷ್ಟ್ರು ಅಳತೆಯ ಟೇಪು ಹಿಡಿದು ಎದ್ದರು. ದೊಡ್ಡಜ್ಜ ನಿಂತಿರಬಹುದಾದ ಜಾಗ ಅಳೆಯಲು ಬೆಳಕು ಹರಿಯುವ ಮುಂಚೆಯೇ ಬಂದಿದ್ದರಂತೆ.

"ನಟ್ಟು ಬಿಗಿ ಮಾಡೋಕೆ ಬಂದ್ರಾ? ನೋಡಿ, ಇದಕ್ಕೇ ಹೇಳೋದು ರಕ್ತಸಂಬಂಧ ಅಂತ!" ಎಂದು ತಬ್ಬಿಕೊಂಡರು. ಗಡಿಯಾರಣ್ಣ ಸಡಿಲಿಸಿದ ನಟ್ಟನ್ನು ಬಿಗಿ ಮಾಡಿ, ಸಡಿಲಿಸದ ನಟ್ಟುಗಳನ್ನೂ ಮೇಷ್ಟ್ರ ಕಣ್ಣೆದುರು ಇನ್ನಷ್ಟು ಬಿಗಿ ಮಾಡಿ, ಮನೆಗೆ ಬಂದ.

ಉದ್ಘಾಟನೆಯ ದಿನ ತಿರುವಿನ ಸುತ್ತ ಜಾತ್ರೆಯೇ ಸೇರಿತ್ತು. ಟೇಪು ಕತ್ತರಿಸಲು ರೇಂಜರ್ ಸಾಹೇಬರು, ಭಾಷಣದ ಕಟ್ಟು ಹಿಡಿದು ಮೇಷ್ಟ್ರು, ಮೇಷ್ಟ್ರಿಗೆ ಬೆನ್ನು ತಿರುಗಿಸಿ ಡಾಕ್ಟರಮ್ಮ, ಒಂದೇ ಒಂದು ಮಡಿಸುವ ಕುರ್ಚಿಯ ಮೇಲೆ ಅತ್ತೆ, ಸುತ್ತ ನೆಂಟರು, ತಂಡದವರು, ಕೈಗೆ ಪ್ಲಾಸ್ಟರ್ ಹಾಕಿಕೊಂಡ ಇಬ್ಬರು ಮೂವರು. ಹೆಂಡತಿ ತಿರುವಿನ ಹೊರಬದಿಯಲ್ಲಿ, ಬೋರ್ಡಿನ ಪಕ್ಕದಲ್ಲೇ ನಿಂತಿದ್ದಳು. ಗಡಿಯಾರಣ್ಣ ಹೋದ ಸಲ ಬಂದು ಬಿದ್ದಿದ್ದು ಸರಿಯಾಗಿ ಆ ಜಾಗಕ್ಕೆ.

ಮೇಲಿನಿಂದ ನೋಡಿದರೆ ಇಳಿಜಾರು ಹೋದ ಸಲಕ್ಕಿಂತ ಹೆಚ್ಚು ಕಡಿದಾಗಿ ಕಂಡಿತು. ಬಿದ್ದರೆ ಸೈಕಲ್ಲು ಹೋಯಿತು. ಬೀಳದೆ ಇಳಿದುಬಿಟ್ಟರೆ ಎಲ್ಲವೂ ಉಳಿಯಿತು: ಸೈಕಲ್ಲು, ದೊಡ್ಡಜ್ಜ, ಮೇಷ್ಟ್ರ ಪುಸ್ತಕ, ಎಲ್ಲ. ಕೆಳಗಿನಿಂದ ಸೀಟಿ ಕೇಳಿಸಿತು. ಗಡಿಯಾರಣ್ಣ ಬ್ರೇಕು ಬಿಟ್ಟ.

ಗಾಳಿ ಕಿವಿಗೆ ಹೊಡೆಯಿತು, ಮರಗಳು ಹಿಂದಕ್ಕೆ ಓಡಿದವು, ಎಡಕ್ಕೆ ತಿರುವು ಬಂತು. ಹಾದಿ ತಿರುಗಿತು, ಸೈಕಲ್ಲು ತಿರುಗಿತು, ಮತ್ತು ಯಾರ ಪುಣ್ಯವೋ, ಗಡಿಯಾರಣ್ಣನೂ ತಿರುಗಿದ. ಬೋರ್ಡು ಪಕ್ಕದಲ್ಲಿ ಸರ್ರನೆ ಹೋಯಿತು. ಚಕ್ರ ಒಮ್ಮೆ ಜಾರಿ, ಮತ್ತೆ ಹಿಡಿದು, ಸೀದಾ ಸಮತಟ್ಟು ನೆಲಕ್ಕೆ ಬಂದು ನಿಂತಿತು. ಗಡಿಯಾರಣ್ಣ ಎರಡೂ ಕೈ ಮೇಲೆತ್ತಿ, ಕಾಡು ಮೊಳಗುವಂತೆ ಕೂಗಿದ.

"ಈ ಸಲ ಬೀಳಲಿಲ್ಲ! ಈ ಸಲ ಬೀಳಲಿಲ್ಲ!"

ಚಪ್ಪಾಳೆ ಶುರುವಾಗಿತ್ತು, ಅರ್ಧಕ್ಕೆ ನಿಂತಿತು. ಡಾಕ್ಟರಮ್ಮ ಹಣೆ ಹಿಡಿದುಕೊಂಡರು. ಮೇಷ್ಟ್ರ ಕೈಯಿಂದ ಭಾಷಣದ ಒಂದು ಹಾಳೆ ಜಾರಿತು.

"ಈ ಸಲ ಅಂದ್ರೆ?" ಎಂದಳು ಹೆಂಡತಿ.

ಗಡಿಯಾರಣ್ಣ ಮೇಲೆತ್ತಿದ ಕೈಗಳನ್ನು ಇಳಿಸಿದ. ಇನ್ನೊಂದು ಸುಳ್ಳಿಗಾಗಿ ಒಳಗೆಲ್ಲ ಹುಡುಕಿದ, ಖಾಲಿಯಾಗಿತ್ತು.

"ಹೋದ ಸಲ ಬಿದ್ದಿದ್ದೆ," ಎಂದ. "ಇಲ್ಲೇ. ನೀನು ನಿಂತಿದ್ಯಲ್ಲ, ಅಲ್ಲಿ. ಮೊದಲು ಬಿದ್ದವರ ಹೆಸರಿಡೋದು ಇವರ ಪದ್ಧತಿ. ಬೋರ್ಡು ನಂದು. ದೊಡ್ಡಜ್ಜನದಲ್ಲ."

"ಗಂಟೆ?" ಎಂದರು ಮೇಷ್ಟ್ರು ಕ್ಷೀಣವಾಗಿ.

"ಗಂಟೆಯೂ ಇಲ್ಲ, ಗಡಿಯಾರವೂ ಇಲ್ಲ ಮೇಷ್ಟ್ರೇ. ಅವರು ಈ ಕಾಡಿಗೆ ಬಂದೇ ಇಲ್ಲ."

"ನೀನು ಹೇಳಿದ್ದು ಸುಳ್ಳಿರಬಹುದು ಕಣೋ," ಎಂದಳು ಅತ್ತೆ ಕುರ್ಚಿಯಿಂದ. "ನಾನು ಹೇಳಿದ್ದು ನಿಜ."

ರೇಂಜರ್ ಸಾಹೇಬರು ಕತ್ತರಿ ಹಿಡಿದು ನಿಂತಲ್ಲೇ ಯೋಚಿಸಿದರು. ಬೋರ್ಡು ಕೀಳಿಸಬೇಕು, ಅನುಮತಿ ರದ್ದು ಮಾಡಬೇಕು, ಅದಕ್ಕೆಲ್ಲ ಮೇಲಿನವರಿಗೆ ವರದಿ ಕಳಿಸಬೇಕು, ಕಥೆಯನ್ನು ಹಿಂದೆಮುಂದೆ ನೋಡದೆ ತಾವೇ ಒಪ್ಪಿಕೊಂಡದ್ದನ್ನೂ ಬರೆಯಬೇಕು.

"ನೀವು ಬಿದ್ದಿದ್ದು ಯಾವಾಗ?" ಎಂದರು.

"ಹೋದ ತಿಂಗಳು ಸಾರ್."

"ಹಾಗಾದ್ರೆ ಆಗಿಹೋದ ವಿಷಯ. ಆಗಿಹೋಗಿದ್ದೆಲ್ಲ ಇತಿಹಾಸವೇ. ಇಲಾಖೆಯಿಂದ ಏನೂ ಅಭ್ಯಂತರ ಇಲ್ಲ," ಎಂದು ಟೇಪು ಕತ್ತರಿಸಿಬಿಟ್ಟರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ನರ್ಸಮ್ಮನನ್ನೇ ನೋಡುತ್ತಿದ್ದರು. ಆಕೆ ಬೋರ್ಡನ್ನು ಓದಿದಳು. ಹಾದಿಯ ಅಂಚಿಗೆ ಬಂದು ಕೆಳಗೆ ನೋಡಿದಳು. ಆಮೇಲೆ ಗಂಡ ಇಳಿದು ಬಂದ ಇಳಿಜಾರನ್ನು ಬುಡದಿಂದ ತುದಿಯವರೆಗೆ ನೋಡಿದಳು, ಬಹಳ ಹೊತ್ತು.

"ಇದರ ಮೇಲಿಂದಾನಾ?" ಎಂದಳು. "ನೀವಾ?"

"ಹೂಂ."

"ನನ್ನ ಹತ್ತಿರ ಸುಳ್ಳು ಹೇಳಿದ್ರಲ್ಲ, ಅದಕ್ಕೆ ಹೊಟ್ಟೆ ಉರೀತಿದೆ," ಎಂದಳು. "ದಿನಾ ಬಿದ್ದವರನ್ನು ಎತ್ತಿ ಎತ್ತಿ ಕೂರಿಸ್ತೀನಿ. ಸ್ಟ್ರೆಚರ್ ಬಾಗಿಲಿಗೆ ಬಂದಾಗಲೆಲ್ಲ ಮೊದಲು ಮುಖ ನೋಡ್ತೀನಿ, ನೀವಲ್ಲ ತಾನೆ ಅಂತ. ಗೊತ್ತಾ ನಿಮಗೆ?"

ಗಡಿಯಾರಣ್ಣನಿಗೆ ಗೊತ್ತಿರಲಿಲ್ಲ. ಷರತ್ತು ಎಂದರೆ ಷರತ್ತು; ಸೈಕಲ್ಲನ್ನು ನಡೆಸಿಕೊಂಡು ಬಂದು, ಹ್ಯಾಂಡಲ್ಲನ್ನು ಆಕೆಯ ಕೈಗೇ ಕೊಟ್ಟ.

"ಮಾರಿಬಿಡು."

ಹೆಂಡತಿ ಹ್ಯಾಂಡಲ್ ಹಿಡಿದುಕೊಂಡಳು. ಅದು ಬೆಚ್ಚಗಿತ್ತು.

"ಮಾರೋದು ಮಾರೋದೇ," ಎಂದಳು. "ಆದ್ರೆ ನೀವು ಇಳಿದಿದ್ದನ್ನ ನಾನು ನೋಡಿಲ್ಲ."

"ಇಲ್ಲೇ ನಿಂತಿದ್ದೆಯಲ್ಲ?"

"ಕಣ್ಣು ಮುಚ್ಕೊಂಡಿದ್ದೆ," ಎಂದಳು. ಮುರಿದ ಮೂಳೆಯನ್ನು ರೆಪ್ಪೆ ಮಿಟುಕಿಸದೆ ನೋಡುವ ಹೆಂಗಸು ತಲೆ ತಗ್ಗಿಸಿ ನಿಂತಿದ್ದಳು. "ಹೆದರಿಕೆ ಆಯ್ತು. ಹೋಗಿ, ಇನ್ನೊಂದು ಸಲ ಬನ್ನಿ. ಈ ಸಲ ಕಣ್ಣು ಬಿಟ್ಕೊಂಡಿರ್ತೀನಿ."

ಗಡಿಯಾರಣ್ಣ ಸೈಕಲ್ಲು ತಳ್ಳಿಕೊಂಡು ಮೇಲೆ ಹೋದ. ಇದು ಕೊನೆಯ ಸಲ, ಹೆಂಡತಿ ನೋಡುವ ಒಂದೇ ಒಂದು ಸಲ ಎಂದುಕೊಂಡು, ಮೊದಲಿಗಿಂತ ಜೋರಾಗಿ ಬಿಟ್ಟ. ತಿರುವು ಹತ್ತಿರವಾಯಿತು. ಹೆಂಡತಿ ಕಣ್ಣು ಬಿಟ್ಟುಕೊಂಡಿದ್ದಾಳೋ ಇಲ್ಲವೋ ನೋಡೋಣವೆಂದು ಒಂದೇ ಕ್ಷಣ ಆ ಕಡೆ ತಿರುಗಿದ. ಬಿಟ್ಟುಕೊಂಡಿದ್ದಳು, ಅಗಲವಾಗಿ. ಅಷ್ಟರಲ್ಲಿ ಹಾದಿ ತಿರುಗಿತ್ತು.

ಧೂಳು ಇಳಿದಾಗ ಗಡಿಯಾರಣ್ಣ ಹೆಂಡತಿಯ ಕಾಲ ಬಳಿ ಅಂಗಾತ ಬಿದ್ದಿದ್ದ, ಸೈಕಲ್ಲು ಅವನ ಮೇಲೆ ಬಿದ್ದಿತ್ತು. ಚಕ್ರ ಸುಮ್ಮನೆ ತಿರುಗುತ್ತಿತ್ತು. ಹೆಂಡತಿ ಕೂತು, ಕತ್ತು ಮುಟ್ಟಿದಳು, ಭುಜ ಒತ್ತಿದಳು, ಮೊಣಕಾಲು ಮಡಿಸಿ ಬಿಡಿಸಿದಳು. ಒಂದೂ ಮುರಿದಿರಲಿಲ್ಲ. ಆಕೆಯ ಕೈ ಅವನ ಎದೆಯ ಮೇಲೆ ಸ್ವಲ್ಪ ಹೊತ್ತು ಹಾಗೇ ಇತ್ತು.

"ಬಿದ್ನಲ್ಲೇ!" ಎಂದಳು ಅತ್ತೆ.

"ಯಾರು ಬಿದ್ರು?" ಎಂದು ಹೆಂಡತಿ ತಿರುಗಿದಳು. "ನಾನಂತೂ ಏನೂ ನೋಡಲಿಲ್ಲಪ್ಪ. ಮತ್ತೆ ಕಣ್ಣು ಮುಚ್ಚಿಹೋಯ್ತು."

ಎದ್ದು, ಸೈಕಲ್ಲನ್ನು ತಾನೇ ಎತ್ತಿ ನಿಲ್ಲಿಸಿ, ಹ್ಯಾಂಡಲ್ಲಿನ ಧೂಳನ್ನು ಸೆರಗಿನಿಂದ ಒರೆಸಿ ಗಂಡನ ಕೈಗೆ ಕೊಟ್ಟಳು.

"ಹೋಗಿ, ಇನ್ನೊಂದು ಸಲ ಬನ್ನಿ. ಸರಿಯಾಗಿ ಇಳಿದಿದ್ದನ್ನ ಕಣ್ಣಾರೆ ನೋಡೋವರೆಗೂ ನಾನು ಮಾರೋದಿಲ್ಲ."

ಗಡಿಯಾರಣ್ಣ ಕುಂಟುತ್ತಾ ಮೇಲೆ ಹೊರಟ. ನಿಧಾನವಾಗಿ ಹತ್ತಿದ, ಏನೂ ಅವಸರವಿರಲಿಲ್ಲ.